ನಾಲ್ಕು ಸಾಲಿನ ಶಿಫಾರಸು

ಬೆಳಿಗ್ಗೆ ಆರೂವರೆಗೆ, ಕಾವಲಿಯ ಮೇಲೆ ನೀರುದೋಸೆ ಹೊಯ್ದಿರುವಾಗಲೇ ನಮ್ಮ ಮನೆಯ ಫೋನು ಬಡಿದುಕೊಳ್ಳುವುದು. ಹಾಗೆ ಬರುವ ಫೋನು ಎರಡೇ ಬಗೆಯದ್ದು. ಮಳೆಗಾಲವಾದರೆ 'ಟೀಚರ್, ಇವತ್ತು ಡಿ.ಸಿ. ರಜೆ ಕೊಟ್ಟಿದ್ದಾರಾ?' ಎಂದು ಕೇಳುವ ಮಕ್ಕಳ ತಾಯಂದಿರದ್ದು. ಉಳಿದ ದಿನಗಳಲ್ಲಾದರೆ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯದ್ದು. ಅವಳಿಗದು ರಾತ್ರಿಯ ಊಟ ಮುಗಿಸಿ, ಪಾತ್ರೆಗಳನ್ನೆಲ್ಲ ಯಂತ್ರಕ್ಕೆ ತುಂಬಿಸಿ ಸೋಫಾದ ಮೇಲೆ ಕಾಲು ಚಾಚುವ ಹೊತ್ತು. ನನಗೋ, ದೋಸೆ ಏಳುವ ಮೊದಲು ಮಾತು ಮುಗಿಯಬೇಕು, ಮಾತು ಮುಗಿಯುವ ಮೊದಲು ಬಸ್ಸು ತಪ್ಪಬಾರದು. ಇಪ್ಪತ್ತೈದು ವರ್ಷಗಳಿಂದ ಹೀಗೇ ನಡೆದಿದೆ. ಅವಳು ನಿಧಾನಕ್ಕೆ ಮಾತಾಡುತ್ತಾಳೆ, ನನ್ನ ಒಂದು ದೋಸೆ ಸೀಯುತ್ತದೆ.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಬಂದದ್ದು ತಂಗಿಯ ಫೋನಲ್ಲ, ತಂಗಿಯ ಮಗಳದ್ದು.

'ದೊಡ್ಡಮ್ಮಾ, ನಂಗೊಂದು ಹೆಲ್ಪ್ ಬೇಕು. ಯಾರ ಹತ್ರ ಲೆಟರ್ ಕೇಳ್ಬೇಕು ಅಂತ ನೀವೇ ಹೇಳ್ಬೇಕು. ಅಮ್ಮ ಒಂದು ಹೇಳ್ತಾರೆ, ಅಪ್ಪ ಒಂದು ಹೇಳ್ತಾರೆ.'

ಅವಳಿಗೀಗ ಇಪ್ಪತ್ತೊಂದು. ಅಲ್ಲೇ ಹುಟ್ಟಿದವಳು. ಕನ್ನಡ ಕಲಿತದ್ದು ಮಾತ್ರ ನಮ್ಮ ಮನೆಯ ಅಂಗಳದಲ್ಲಿ, ರಜೆಗೆ ಬಂದಾಗ ಹಲಸಿನ ಹಪ್ಪಳಕ್ಕೆ ಕಾಗೆ ಕಾಯುತ್ತಾ. ಡಾಕ್ಟರಾಗಬೇಕೆಂಬ ಆಸೆ ಅವಳಿಗೆ ಹತ್ತು ವರ್ಷದಿಂದ ಉಂಟು. ಅಲ್ಲಿಯ ಪದ್ಧತಿ ನಮ್ಮಂತಲ್ಲ. ಶಾಲೆ ಮುಗಿಸಿ ನಾಲ್ಕು ವರ್ಷ ಕಾಲೇಜು ಓದಬೇಕು, ಆಮೇಲೆ ಮೆಡಿಕಲ್. ಎಮ್‌ಕ್ಯಾಟ್ ಎಂಬ ಪರೀಕ್ಷೆ ಬರೆಯಬೇಕು. ಅದರಲ್ಲಿ ಪೂರ್ಣಾಂಕ 528. (ಐನೂರಕ್ಕೋ ಆರುನೂರಕ್ಕೋ ಇಟ್ಟಿದ್ದರೆ ಲೆಕ್ಕಕ್ಕೆ ಸುಲಭವಾಗುತ್ತಿತ್ತು ಎಂದು ನನ್ನ ಗಣಿತದ ಸಹೋದ್ಯೋಗಿಯ ಆಕ್ಷೇಪ.) ವರ್ಷಕ್ಕೆ 50,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರೆ ಸೀಟು ಸಿಗುವುದು 23,000ದಷ್ಟು ಮಂದಿಗೆ. ಅಂಕ ಎಲ್ಲರಿಗೂ ಇರುತ್ತದೆ. ಹಾಗಾಗಿ ಅವರು ಪತ್ರ ಕೇಳುತ್ತಾರೆ. ಎರಡು ಪತ್ರ ವಿಜ್ಞಾನ ಕಲಿಸಿದವರದ್ದು, ಒಂದು ಬೇರೆ ವಿಷಯ ಕಲಿಸಿದವರದ್ದು, ಮತ್ತೆ ಈ ಮಗುವಿನ ಕೆಲಸವನ್ನು ಹತ್ತಿರದಿಂದ ಕಂಡವರದ್ದು. ಒಂದು ಅರ್ಜಿಯೊಂದಿಗೆ 10 ಪತ್ರಗಳವರೆಗೂ ಕಳಿಸಲು ಅವಕಾಶವಿದೆಯಂತೆ.

'ಹತ್ತು ಜನರ ಹತ್ತಿರ ಹೊಗಳಿಸಿಕೊಳ್ಳುವಷ್ಟು ಪುಣ್ಯ ನಮಗೆ ಮದುವೆಯಲ್ಲೂ ಸಿಗಲಿಲ್ಲ ಮಗಾ' ಎಂದೆ. ಅವಳು ನಕ್ಕಳು. ಆದರೆ ಆ ನಗುವಿನ ಕೆಳಗೆ ನಿದ್ದೆಗೆಟ್ಟ ದನಿ ಇತ್ತು.

ಪತ್ರ ಬರೆಯಬಲ್ಲವರು ನಾಲ್ವರಿದ್ದರು. ಮೊದಲನೆಯವರು ರಸಾಯನಶಾಸ್ತ್ರದ ಒಬ್ಬ ದೊಡ್ಡ ಪ್ರೊಫೆಸರು. ಪುಸ್ತಕ ಬರೆದವರು, ಹೆಸರು ಕೇಳಿದರೆ ಎಲ್ಲರಿಗೂ ಗೊತ್ತು. ಅವರ ತರಗತಿಯಲ್ಲಿ ಮುನ್ನೂರು ಮಂದಿ, ಅದರಲ್ಲಿ ಇವಳಿಗೆ 'ಎ'. ಎರಡನೆಯವರು ಜೀವಶಾಸ್ತ್ರದ ಪ್ರಯೋಗಶಾಲೆಯ ಒಬ್ಬ ಕಿರಿಯ ಅಧ್ಯಾಪಕಿ, ಹೆಸರಿಲ್ಲದವರು. ಇವಳೊಂದು ಪ್ರಯೋಗವನ್ನು ನಾಲ್ಕು ಸಲ ಕೆಡಿಸಿ ಐದನೆಯ ಸಲ ಸರಿ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದವರು. ಮೂರನೆಯವರು ತಂಗಿಯ ಗಂಡನಿಗೆ ಕನ್ನಡ ಕೂಟದಲ್ಲಿ ಪರಿಚಯವಾದ ಒಬ್ಬ ಹೃದಯತಜ್ಞರು. ಯುಗಾದಿ ಊಟದಲ್ಲಿ ಇವಳನ್ನು ಎರಡು ಸಲ ಕಂಡಿದ್ದಾರೆ. ನಾಲ್ಕನೆಯವರು ಒಂದು ವೃದ್ಧಾಶ್ರಮದ ನರ್ಸು. ಇವಳು ಎರಡು ವರ್ಷ ಪ್ರತಿ ಶನಿವಾರ ಅಲ್ಲಿಗೆ ಹೋಗಿ ಮುದುಕರಿಗೆ ಊಟ ಮಾಡಿಸಿದ್ದಾಳೆ.

ತಂಗಿಯ ಮತ ದೊಡ್ಡ ಪ್ರೊಫೆಸರರಿಗೆ. ಭಾವನ ಮತ ಹೃದಯತಜ್ಞರಿಗೆ. ನರ್ಸಿನ ಹೆಸರು ಬಂದಾಗ ಇಬ್ಬರೂ ಒಂದಾದರಂತೆ.

'ದೊಡ್ಡಮ್ಮಾ, ಇನ್ನೊಂದುಂಟು. ಅವರು ಏನು ಬರೆದ್ರು ಅಂತ ನಂಗೆ ಓದ್ಲಿಕ್ಕಿಲ್ಲ.'

ಇದು ನನಗೆ ಹೊಸತು. 1974ರಲ್ಲಿ ಅಲ್ಲಿ ಒಂದು ಕಾನೂನು ಬಂದು, ತಮ್ಮ ಬಗ್ಗೆ ಕಾಲೇಜಿನಲ್ಲಿರುವ ಕಾಗದಪತ್ರ ನೋಡುವ ಹಕ್ಕು ವಿದ್ಯಾರ್ಥಿಗಳಿಗೆ ಸಿಕ್ಕಿದೆ. ಆದರೆ ಈ ಪತ್ರಗಳ ಮಟ್ಟಿಗೆ ಮಕ್ಕಳೇ ಆ ಹಕ್ಕನ್ನು ಬಿಟ್ಟುಕೊಟ್ಟೆವೆಂದು ಬರೆದುಕೊಡುವುದು ರೂಢಿ. ಮಗು ಓದುವುದಿಲ್ಲವೆಂದು ಖಾತ್ರಿಯಾದರೆ ಮಾತ್ರ ಬರೆಯುವವರು ಮನಸ್ಸು ಬಿಚ್ಚಿ ಬರೆಯುತ್ತಾರೆ ಎಂಬ ನಂಬಿಕೆ. ನಮ್ಮಲ್ಲಾದರೆ? ಹುಡುಗರೇ ಬರೆದು ತರುತ್ತಾರೆ, ನಾವು ಸಹಿ ಹಾಕುತ್ತೇವೆ. ಒಮ್ಮೆ ಒಬ್ಬ ತನ್ನ ಬಗ್ಗೆ ತಾನೇ 'ಈತನ ವಿನಯಕ್ಕೆ ಸಾಟಿಯಿಲ್ಲ' ಎಂದು ಬರೆದುಕೊಂಡು ಬಂದಿದ್ದ.

'ಸಂಜೆ ಹೇಳುತ್ತೇನೆ ಮಗಾ' ಎಂದು ಫೋನಿಟ್ಟೆ. ದೋಸೆ ಕರಟಿಹೋಗಿತ್ತು.

ನಮ್ಮವರಿಗೆ ಇದನ್ನು ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, 'ನಿನ್ನ ಹತ್ತಿರ ಕೇಳಿದಳಲ್ಲ! ಇಲ್ಲಿ ಮೆಡಿಕಲ್ಲಿಗೆ ಶಿಫಾರಸು ಎಲ್ಲಿ ಉಂಟು?' ಎಂದರು. ಅವರ ಮಾತು ಸರಿಯೇ. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆಯುತ್ತಾರೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಅಷ್ಟು ಮಂದಿಯ ಟೀಚರುಗಳು ಪತ್ರ ಬರೆಯಹೊರಟರೆ ಓದುವವರು ಯಾರು? ಆ ಯಂತ್ರಕ್ಕೆ ಗುಂಡಗೆ ಕಪ್ಪು ಮಾಡಿದ ಚುಕ್ಕೆ ಸಾಕು.

ಹಾಗೆಂದು ನಮ್ಮಲ್ಲಿ ಯಾವತ್ತೂ ಹೀಗೆಯೇ ಇತ್ತೆಂದಲ್ಲ. ನನ್ನ ದೊಡ್ಡ ಅತ್ತೆ, ಅಂದರೆ ಅಪ್ಪನ ಅಕ್ಕ, 1963ರಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದವರು. ಆಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷವಾಗಿತ್ತು. ಅಂಕದ ಜೊತೆಗೆ ಇಂಟರ್‌ವ್ಯೂ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟು ಅದಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ನಾಟಕ, ಸಮಾಜಸೇವೆ ಎಲ್ಲವನ್ನೂ ನೋಡಿ ಅಂಕ ಕೊಡಬೇಕೆಂದು ಆದೇಶ. ಈ ಪದ್ಧತಿಯನ್ನು ಪ್ರಶ್ನಿಸಿದ ಆರ್. ಚಿತ್ರಲೇಖಾ ಅವರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಇಂಟರ್‌ವ್ಯೂ ಮಾಡುವುದೇ ತಪ್ಪಲ್ಲ ಎಂದು 1964ರಲ್ಲಿ ತೀರ್ಪಾಯಿತು. ನಮ್ಮ ಅತ್ತೆಗೆ ಕೋರ್ಟು ಗೀರ್ಟು ಗೊತ್ತಿರಲಿಲ್ಲ. ಅಜ್ಜಿಯ ಪಟ್ಟೆಸೀರೆ ಉಟ್ಟುಕೊಂಡು ಹೋಗಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬಂದರು. ಸೀಟು ಸಿಗಲಿಲ್ಲ. ಇದ್ದವರಲ್ಲಿ ಇವರಿಗಿಂತ ಬುದ್ಧಿವಂತರು ಇದ್ದಿರಬಹುದು. ಆದರೆ ಅಜ್ಜ ಮಾತ್ರ, ತಾನು ಸಮಯಕ್ಕೆ ಸರಿಯಾಗಿ ಒಬ್ಬ ದೊಡ್ಡ ಮನುಷ್ಯರಿಂದ ಒಂದು ಕಾಗದ ತಂದಿದ್ದರೆ ಮಗಳು ಡಾಕ್ಟರಾಗುತ್ತಿದ್ದಳೆಂದು ಸಾಯುವ ತನಕ ನಂಬಿದ್ದರು. ಆ ಬರೆಯದೆ ಹೋದ ಕಾಗದ ನಮ್ಮ ಮನೆಯಲ್ಲಿ ನಾಲ್ಕು ದಶಕ ಊಟಕ್ಕೆ ಕೂತಿತ್ತು.

ನಮ್ಮ ಕಾಲಕ್ಕೆ ಬರುವಾಗ ಕಾಗದದ ಜಾಗದಲ್ಲಿ ಹಣ ಬಂದಿತ್ತು. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ 1984ರಲ್ಲಿ ಕಾನೂನೇ ಆಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು. 1994ರಿಂದ ನಮ್ಮಲ್ಲಿ ಸಿ.ಇ.ಟಿ. ಮಂಗಳೂರಿಗೆ ಮೆಡಿಕಲ್ ಕಾಲೇಜು ಹೊಸತಲ್ಲವಲ್ಲ, ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕೆ.ಎಂ.ಸಿ. ಕಟ್ಟಿದಾಗಿನಿಂದ ಇಲ್ಲಿಯ ವೆನ್‌ಲಾಕ್ ಆಸ್ಪತ್ರೆಯಲ್ಲಿ ಬಿಳಿಕೋಟಿನ ಮಕ್ಕಳನ್ನು ನೋಡಿಕೊಂಡೇ ನಾವು ಬೆಳೆದದ್ದು. 1999 ಒಂದೇ ವರ್ಷದಲ್ಲಿ ಫಾದರ್ ಮುಲ್ಲರ್, ಯೇನೆಪೋಯ, ಕೆ.ಎಸ್. ಹೆಗ್ಡೆ ಎಂದು ಮೂರು ಮೆಡಿಕಲ್ ಕಾಲೇಜುಗಳು ಇಲ್ಲಿ ಶುರುವಾದವು. 2017ರಿಂದ ಸಿ.ಇ.ಟಿ.ಯ ಜಾಗಕ್ಕೆ ಮೆಡಿಕಲ್ಲಿಗೆ ನೀಟ್ ಬಂತು. ಒಂದು ಕಡೆ ಮಾತ್ರ ಹಳೆಯ ಪದ್ಧತಿ ಬಹುಕಾಲ ಉಳಿದಿತ್ತು. ಬಲ್ಮಠದ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಚರ್ಚಿನವರೋ ಮಿಶನ್ ಆಸ್ಪತ್ರೆಯವರೋ 'ಇವನು ನಮ್ಮವನು' ಎಂದು ಜವಾಬ್ದಾರಿ ಹೊತ್ತು ಕಳಿಸಬೇಕಂತೆ. ಓದು ಮುಗಿದ ಮೇಲೆ ಅವನು ಬಂದು ಅವರು ಹೇಳಿದ ಆಸ್ಪತ್ರೆಯಲ್ಲಿ ದುಡಿಯಬೇಕಂತೆ. ಆ ಬಗೆಯ ಶಿಫಾರಸಿಗೆ ಒಂದು ತೂಕವುಂಟು. ಬರೆದವರೂ ಅದರ ಹೊರೆ ಹೊರಬೇಕಲ್ಲ.

ಇಲ್ಲವಾದರೆ 'ಶಿಫಾರಸು' ಎಂಬ ಶಬ್ದಕ್ಕೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಶಿಫಾರಸಿನವನು ಎಂದರೆ ಯೋಗ್ಯತೆಯಿಲ್ಲದವನು ಎಂದೇ ಅರ್ಥ. ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ನನಗೂ ಸಂಬಂಧಿಕರಲ್ಲದ ಇಬ್ಬರು ಗಣ್ಯರಿಂದ ನಡತೆಯ ಪ್ರಮಾಣಪತ್ರ ಬೇಕಾಗಿತ್ತು. ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಬ್ಬ ಗೆಜೆಟೆಡ್ ಆಫೀಸರರ ಮನೆಗೆ ಹೋದರು. ಅವರು ಹಲ್ಲುಜ್ಜುತ್ತಿದ್ದರು. ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಹಸಿರು ಶಾಯಿಯಲ್ಲಿ, ಈಕೆಯನ್ನು ನಾನು ಕಳೆದ ಮೂರು ವರ್ಷಗಳಿಂದ ಬಲ್ಲೆ ಎಂದು ಬರೆದರು. ಮೂರು ನಿಮಿಷವೂ ಆಗಿರಲಿಲ್ಲ. ಆ ಕಾಗದದ ಬಲದಿಂದಲೇ ನಾನು ಇವತ್ತಿಗೂ ಉಣ್ಣುತ್ತಿರುವುದು ಎಂದಾಗ ಯಾರನ್ನು ದೂರಲಿ?

ಕೆಲಸಕ್ಕೆ ಸೇರಿದ ಮೇಲೆ ಪತ್ರ ಬರೆಯುವುದು ನನ್ನ ಪಾಲಿಗೇ ಬಂತು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಶಾಲೆಯ ಸರ್ಟಿಫಿಕೇಟುಗಳನ್ನೆಲ್ಲ ಹೆಡ್‌ಮಾಸ್ಟರು ನನ್ನ ಮೇಜಿಗೆ ತಳ್ಳಿದರು. ಮೆಡಿಕಲ್ಲಿಗೆ ಶಿಫಾರಸು ಬೇಡವೆಂದೆನಲ್ಲ, ಸರ್ಟಿಫಿಕೇಟು ಬೇಕು. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15 ಮೀಸಲು. ಅದಕ್ಕೆ ಬೇರೆ ಬೇರೆ ನಮೂನೆ, ಮೇಲೆ ಬಿ.ಇ.ಒ. ಅವರ ಮೇಲುರುಜು. ಕಾಸರಗೋಡಿನ ಕಡೆಯ ಮಕ್ಕಳಾದರೆ ಗಡಿನಾಡ ಕನ್ನಡಿಗರೆಂದು ಕನ್ನಡ ಪರೀಕ್ಷೆಯನ್ನೇ ಬರೆಯಬೇಕು. ಮೇ, ಜೂನ್ ತಿಂಗಳಲ್ಲಿ ನನ್ನ ಮೇಜಿನ ಮುಂದೆ ರೇಶನ್ ಅಂಗಡಿಯಷ್ಟೇ ಸಾಲು. ಹಳೆಯ ದಾಖಲಾತಿ ರಿಜಿಸ್ಟರಿನ ಗೆದ್ದಲು ಕೊಡವಿ ಹುಟ್ಟಿದ ದಿನ ಹುಡುಕುವುದು, ನಮೂನೆ ತುಂಬುವುದು, 'ನಡತೆ ಉತ್ತಮ' ಎಂದು ಬರೆಯುವುದು. ಈ ಮೂವತ್ತು ವರ್ಷಗಳಲ್ಲಿ ಎಷ್ಟು ಸಾವಿರ ಸಲ 'ನಡತೆ ಉತ್ತಮ' ಎಂದು ಬರೆದೆನೋ ಲೆಕ್ಕವಿಲ್ಲ. ಹೀಗೆ ಬರೆದೂ ಬರೆದೂ ಕೈಗೆ ಒಂದು ರೋಗ ಅಂಟುತ್ತದೆ. ಎದುರಿಗೆ ಯಾರು ನಿಂತಿದ್ದಾರೆಂದು ನೋಡದೆ ಕೈ ತಾನೇ ಬರೆದುಬಿಡುತ್ತದೆ.

2008ರ ಮೇ ತಿಂಗಳು. ಆ ವರ್ಷ ನಮ್ಮ ಶಾಲೆಗೆ ಮೊದಲಿಗಳಾದ ಹುಡುಗಿಯೊಬ್ಬಳು ಬಂದು ನನ್ನ ಮೇಜಿನ ಬದಿಯಲ್ಲಿ ನಿಂತಳು. ಅವಳ ಹೆಸರು ಇಲ್ಲಿ ಬೇಡ. ಅಪ್ಪ ಇಲ್ಲ. ತಾಯಿ ಬೀಡಿ ಕಟ್ಟುವವರು. ಶಾಲೆ ಬಿಟ್ಟು ಹೋದ ಮೇಲೆ ಇವಳೂ ತಡ್ಪೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು, ಬೆರಳ ತುದಿಯಲ್ಲಿ ಯಾವಾಗಲೂ ಹೊಗೆಸೊಪ್ಪಿನ ವಾಸನೆ. ಒಂದು ಟ್ರಸ್ಟಿನವರು ಡಾಕ್ಟರಾಗಬೇಕೆನ್ನುವ ಬಡ ಮಕ್ಕಳಿಗೆ ಪಿ.ಯು.ಸಿ.ಯ ಎರಡು ವರ್ಷದ ಫೀಸು, ಸಿ.ಇ.ಟಿ. ಕೋಚಿಂಗು ಎಲ್ಲ ಕೊಡುತ್ತಾರೆಂದು ಕೇಳಿ ಅರ್ಜಿ ತಂದಿದ್ದಳು. ಅದಕ್ಕೆ ಎರಡು ಶಿಫಾರಸು ಬೇಕಿತ್ತು, ಒಂದು ಕ್ಲಾಸ್ ಟೀಚರದ್ದು, ಒಂದು ಊರಿನ ಗಣ್ಯರದ್ದು. ತಾಯಿ ಯಾರ್ಯಾರದೋ ಕೈಕಾಲು ಹಿಡಿದು ಗಣ್ಯರೊಬ್ಬರ ಲೆಟರ್‌ಹೆಡ್ಡಿನ ಕಾಗದ ತಂದಿದ್ದರು. ಅವರು ಹುಡುಗಿಯನ್ನು ಕಂಡವರೇ ಅಲ್ಲ. ಕಂಡವಳು ನಾನು.

'ಟೀಚರ್, ಅರ್ಜೆಂಟಿಲ್ಲ. ನಾಳೆ ಕೊಟ್ಟರೂ ಸಾಕು' ಎಂದಳು.

ಸಾಲು ಉದ್ದವಿತ್ತು, ಮಧ್ಯಾಹ್ನದ ಸೆಕೆ, ಫ್ಯಾನು ಬೇರೆ ತಿರುಗುತ್ತಿರಲಿಲ್ಲ. ನಾಳೆ ಎಂದರೆ ನಾಳೆಗೂ ಒಂದು ಕೆಲಸ ಉಳಿಯುತ್ತದಲ್ಲ ಎಂದು ಅಲ್ಲೇ ಕಾಗದ ಎಳೆದುಕೊಂಡೆ. 'ಈಕೆ ನಮ್ಮ ಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ವ್ಯಾಸಂಗ ಮಾಡಿರುತ್ತಾಳೆ. ಶ್ರದ್ಧಾವಂತೆ ಹಾಗೂ ವಿಧೇಯ ವಿದ್ಯಾರ್ಥಿನಿ. ನಡತೆ ಉತ್ತಮ. ಈಕೆಯ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ.' ನಾಲ್ಕು ಸಾಲು, ಸಹಿ, ಶಾಲೆಯ ಮೊಹರು. ಅವಳು ಎರಡು ಕೈಯಲ್ಲಿ ತೆಗೆದುಕೊಂಡು ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ವಿದ್ಯಾರ್ಥಿವೇತನ ಅವಳಿಗೆ ಸಿಗಲಿಲ್ಲ. ನನಗೆ ಬೇಸರವಾಯಿತು, ಮರೆತೂಹೋಯಿತು.

ಮೂರು ವರ್ಷ ಕಳೆದು ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಆ ಟ್ರಸ್ಟಿನಲ್ಲಿದ್ದ ಒಬ್ಬ ಹಿರಿಯರ ಹೆಂಡತಿ. ಕೈತೊಳೆಯುವಲ್ಲಿ ಗಂಡನಿಗೂ ನನ್ನನ್ನು ಪರಿಚಯ ಮಾಡಿಸಿದರು. ಶಾಲೆಯ ಹೆಸರು ಕೇಳಿದ್ದೇ ಅವರು, 'ಹೋ, ಆ ಅಕ್ಷರ ನಿಮ್ಮದೋ? ನಿಮ್ಮ ಶಾಲೆಯ ಹುಡುಗಿ ಒಬ್ಬಳು ಬಂದಿದ್ದಳು. ಮಾರ್ಕು ಒಳ್ಳೆಯದಿತ್ತು. ನಮಗೂ ಕೊಡಬೇಕೆಂದೇ ಇತ್ತು' ಎಂದು ಸ್ವಲ್ಪ ತಡೆದರು. 'ತಪ್ಪು ತಿಳಿಯಬೇಡಿ ಟೀಚರೇ. ಅಕ್ಷರ ಚೆಂದ ಇತ್ತು. ಆದರೆ ಆ ಕಾಗದ ಯಾರಿಗೆ ಬೇಕಾದರೂ ಬರೆದದ್ದಿರಬಹುದು. ಕೊನೆಗೆ ಉಳಿದದ್ದು ಇಬ್ಬರು, ಇಬ್ಬರದ್ದೂ ಒಂದೇ ಮಾರ್ಕು. ಇನ್ನೊಬ್ಬ ಹುಡುಗನ ಮಾಷ್ಟ್ರು ಎರಡು ಪುಟ ಬರೆದಿದ್ದರು, ಅದನ್ನು ಓದಿದರೆ ಹುಡುಗ ಕಣ್ಣಿಗೆ ಕಟ್ಟುತ್ತಿದ್ದ. ಹುಡುಗಿ ಇಂಟರ್‌ವ್ಯೂನಲ್ಲಿ ಮಾತಾಡಲೇ ಇಲ್ಲ, ನಾಚಿಕೆ. ನಾವೆಂತ ಮಾಡುವುದು?'

ಆ ದಿನದ ಹೋಳಿಗೆ ನನ್ನ ಗಂಟಲಲ್ಲೇ ನಿಂತಿತು.

ಯಾಕೆಂದರೆ ಬರೆಯಲು ನನಗೆ ಇತ್ತು. ಅವಳು ಒಂಬತ್ತನೆಯಲ್ಲಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಏಳನೆಯ ತರಗತಿಯ ಒಬ್ಬಳಿಗೆ ಫಿಟ್ಸ್ ಬಂದು ಬಿದ್ದಳು. ನಾವು ಟೀಚರುಗಳೆಲ್ಲ ಕಿರುಚಿಕೊಂಡೆವು. ಒಬ್ಬರು ಕಬ್ಬಿಣದ ಬೀಗದಕೈ ತನ್ನಿ ಎಂದರು, ಇನ್ನೊಬ್ಬರು ನೀರುಳ್ಳಿ ಮೂಸಿಸಿ ಎಂದರು, ನಾನೇ ಹಲ್ಲಿನ ನಡುವೆ ಚಮಚ ಇಡಬೇಕೆಂದು ಅಡುಗೆಕೋಣೆಗೆ ಓಡಿದೆ. ಹಿಂದೆ ಬರುವಾಗ ನೋಡಿದರೆ ಇವಳು ನೆಲದಲ್ಲಿ ಕೂತು, ಆ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕುತ್ತಿಗೆಯ ಗುಂಡಿ ಬಿಚ್ಚಿ, ತಲೆಯಡಿಗೆ ತನ್ನ ಚೀಲವನ್ನಿಟ್ಟಿದ್ದಳು. 'ಬಾಯಿಗೆ ಎಂತದ್ದೂ ಹಾಕ್ಬಾರ್ದು ಟೀಚರ್. ಗಟ್ಟಿ ಹಿಡಿಯಲೂಬಾರ್ದು. ಗಂಟೆ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕೊಂಡುಹೋಗ್ಬೇಕು' ಎಂದಳು. ಎರಡೂವರೆ ನಿಮಿಷಕ್ಕೆ ನಿಂತಿತು. ಎಚ್ಚರವಾದ ಮಗು ನಾಚಿ ಅಳತೊಡಗಿದಾಗ ಸುತ್ತ ನಿಂತವರನ್ನೆಲ್ಲ ದೂರ ಕಳಿಸಿದವಳೂ ಇವಳೇ. ಕೇಳಿದರೆ, ಇವಳ ತಮ್ಮನಿಗೆ ಅದೇ ಕಾಯಿಲೆ. ತಾಯಿಗೆ ಬೀಡಿ ಬಿಟ್ಟು ಹೋಗಲಾಗದ್ದರಿಂದ ಆರನೆಯ ತರಗತಿಯಿಂದಲೂ ಇವಳೇ ತಿಂಗಳಿಗೊಮ್ಮೆ ಅವನನ್ನು ವೆನ್‌ಲಾಕಿಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಮಾತ್ರೆ ತರುತ್ತಿದ್ದದ್ದು. ಡಾಕ್ಟರು ಹೇಳಿದ್ದನ್ನು ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು.

ಇದೊಂದನ್ನು ಬರೆದಿದ್ದರೆ ಸಾಕಿತ್ತಲ್ಲ? ಡಾಕ್ಟರಾಗಲು ಇನ್ನೇನು ಬೇಕು? ಇದೆಲ್ಲ ನನಗೆ ಗೊತ್ತಿತ್ತು. ಆ ಸೆಕೆಯ ಮಧ್ಯಾಹ್ನ ನೆನಪಿಗೆ ಬರಲಿಲ್ಲ. ಬರಲಿಲ್ಲ ಅನ್ನುವುದೂ ಸುಳ್ಳೇ, ನೆನಪು ಮಾಡಿಕೊಳ್ಳಲು ನಾನು ಕೂರಲಿಲ್ಲ.

ಒಂದು ಪತ್ರದಿಂದಲೇ ಅವಳ ಬದುಕು ಬೇರೆಯಾಯಿತೆಂದು ಹೇಳಲಾರೆ. ಕೋಚಿಂಗ್ ಸಿಕ್ಕಿದ್ದರೂ ಸೀಟು ಸಿಗುತ್ತಿತ್ತೆಂದು ಯಾರು ಬಲ್ಲರು? ಅವಳು ಸರಕಾರಿ ಕಾಲೇಜಿನಲ್ಲಿ ವಿಜ್ಞಾನವನ್ನೇ ತೆಗೆದುಕೊಂಡಳು, ಬೀಡಿ ಕಟ್ಟುತ್ತಲೇ ಸಿ.ಇ.ಟಿ. ಬರೆದಳು, ರ‍್ಯಾಂಕು ದೂರ ಬಂತು. ಜಿ.ಎನ್.ಎಂ. ನರ್ಸಿಂಗಿಗೆ ಸೇರಿದಳೆಂದು ಯಾರೋ ಹೇಳಿದ್ದರು. ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ನಮ್ಮವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿ ಒಂದು ಸ್ಟೆಂಟ್ ಹಾಕಿದರು. ರಾತ್ರಿಪಾಳಿಗೆ ಬಂದ ಸಿಸ್ಟರ್ ಬಿ.ಪಿ. ನೋಡಿ, ಬರೆದು, ತಿರುಗಿ, 'ಟೀಚರ್, ನೀವು ಊಟ ಮಾಡಿದ್ರಾ?' ಎಂದಾಗಲೇ ನನಗೆ ಗುರುತು ಸಿಕ್ಕಿದ್ದು. ಸ್ವಲ್ಪ ದಪ್ಪವಾಗಿದ್ದಾಳೆ. ಮದುವೆಯಾಗಿ ಒಬ್ಬ ಮಗ. ತಮ್ಮ ಚೆನ್ನಾಗಿದ್ದಾನೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಆ ನಾಲ್ಕು ರಾತ್ರಿ ಅವಳು ನಮ್ಮವರನ್ನು ನೋಡಿಕೊಂಡ ರೀತಿಯನ್ನು ಹೇಳಹೊರಟರೆ ಉದ್ದವಾದೀತು. ಮಾನಿಟರಿನ ಸದ್ದಿಗೆ ನಾನು ಬೆಚ್ಚಿ ಎದ್ದಾಗಲೆಲ್ಲ ಅವಳು ಅಲ್ಲಿರುತ್ತಿದ್ದಳು.

ಮೂರನೆಯ ರಾತ್ರಿ ಮಾತಿಗೆ ಮಾತು ಬಂದು ಅವಳೇ ಹೇಳಿದಳು:

'ಟೀಚರ್, ನೀವು ನಂಗೆ ಬರೆದುಕೊಟ್ಟ ಲೆಟರ್ ಈಗಲೂ ನನ್ನ ಹತ್ತಿರ ಉಂಟು. ಕೊಡುವ ಮೊದಲು ಝೆರಾಕ್ಸ್ ಮಾಡಿ ಇಟ್ಟುಕೊಂಡಿದ್ದೆ. ನರ್ಸಿಂಗಿಗೆ ಸೇರುವಾಗ ಅದನ್ನೇ ಲ್ಯಾಮಿನೇಶನ್ ಮಾಡಿಸಿದೆ. ಶ್ರದ್ಧಾವಂತೆ ಅಂತ ಬರೆದಿದ್ರಿ ಅಲ್ವಾ? ನನ್ನ ಬಗ್ಗೆ ಹಾಗೆ ಯಾರೂ ಬರೆದದ್ದಿಲ್ಲ.'

ಆಸ್ಪತ್ರೆಯ ಆ ಮಂದ ಬೆಳಕಿನಲ್ಲಿ ನನ್ನ ಮುಖ ಅವಳಿಗೆ ಸರಿಯಾಗಿ ಕಾಣದ್ದು ಒಳ್ಳೆಯದಾಯಿತು. ಆ 'ಶ್ರದ್ಧಾವಂತೆ'ಯನ್ನು ಅದೇ ದಿನ ನಾನು ಇನ್ನೂ ಹನ್ನೊಂದು ಮಂದಿಗೆ ಬರೆದಿದ್ದೆ ಎಂದು ಹೇಗೆ ಹೇಳಲಿ? ಮದುವೆಮನೆಯಲ್ಲಿ ಕೇಳಿದ ಮಾತನ್ನು ಹೇಗೆ ಹೇಳಲಿ? 'ಹೌದಾ ಮಗಾ' ಎಂದೆ. ನಮ್ಮವರಿಗೆ ಎಚ್ಚರವಾಗಿ ನೀರು ಕೇಳಿದರು. ಮಾತು ಅಲ್ಲಿಗೆ ತುಂಡಾಯಿತು.

ತಂಗಿಯ ಮಗಳ ಫೋನು ಬಂದದ್ದು ಇದಾಗಿ ಎರಡು ತಿಂಗಳಿಗೆ. ಆ ಸಂಜೆ ಅವಳಿಗೆ ನಾನೇ ಫೋನು ಮಾಡಿದೆ, ಅಲ್ಲಿ ಬೆಳಗಾಗುವ ತನಕ ಕಾದು. 'ಮಗಾ, ಆ ನಾಲ್ವರಲ್ಲಿ ಒಬ್ಬೊಬ್ಬರೂ ನಿನ್ನ ಮಾರ್ಕು ಬಿಟ್ಟು ನಿನ್ನ ಬಗ್ಗೆ ಎಂತ ಹೇಳಿಯಾರು? ಒಂದೊಂದು ಸಂಗತಿ ಹೇಳು' ಎಂದೆ. ದೊಡ್ಡ ಪ್ರೊಫೆಸರರ ವಿಷಯದಲ್ಲಿ ಅವಳು ತುಂಬ ಹೊತ್ತು ಯೋಚಿಸಿದಳು. ಹೃದಯತಜ್ಞರು ಒಬ್ಬಟ್ಟು ಚೆನ್ನಾಗಿದೆ ಎಂದಿದ್ದರಂತೆ. ಕಿರಿಯ ಅಧ್ಯಾಪಕಿಯ ವಿಷಯ ಬಂದಾಗ ಕೆಟ್ಟ ಆ ನಾಲ್ಕು ಪ್ರಯೋಗಗಳ ಕಥೆಯನ್ನು ನಗುತ್ತಾ ಹೇಳಿದಳು. ವೃದ್ಧಾಶ್ರಮದ ನರ್ಸಿನ ವಿಷಯ ಬಂದಾಗ ದನಿ ಸಣ್ಣದಾಯಿತು. ಅಲ್ಲೊಬ್ಬರು ಮುದುಕಿ ಯಾರು ಉಣಿಸಿದರೂ ಉಗುಳುತ್ತಿದ್ದರಂತೆ. ಇವಳು ಏಳು ಶನಿವಾರ ಸುಮ್ಮನೆ ಪಕ್ಕದಲ್ಲಿ ಕೂತು ಎಂಟನೆಯ ಶನಿವಾರ ಒಂದು ಚಮಚ ತಿನ್ನಿಸಿದ್ದು ಆ ನರ್ಸಿಗೆ ಗೊತ್ತಂತೆ. ನನಗೂ ಅವತ್ತೇ ಗೊತ್ತಾದದ್ದು. ತಾಯಿಗೆ ಹೇಳಿರಲೇ ಇಲ್ಲವಂತೆ.

'ಕೇಳುವಾಗ ನೇರ ಕೇಳು' ಎಂದೆ. 'ಒಂದು ಲೆಟರ್ ಕೊಡುತ್ತೀರಾ ಎಂದರೆ ಇಲ್ಲ ಎನ್ನುವವರು ಕಡಿಮೆ. ನನ್ನ ಬಗ್ಗೆ ಬರೆಯಲು ನಿಮಗೆ ಏನಾದರೂ ಉಂಟಾ ಅಂತ ಕೇಳು. ಸ್ವಲ್ಪ ಅನುಮಾನಿಸಿದರೂ ನಮಸ್ಕಾರ ಹೇಳಿ ಬಾ. ಮತ್ತೆ, ಕಡೆಯ ದಿನ ಹೋಗಿ ಕೇಳಬೇಡ, ಎರಡು ತಿಂಗಳು ಮೊದಲೇ ಹೋಗು. ಅವರ ಎದುರು ಸಾಲು ಇಲ್ಲದ ಹೊತ್ತು ನೋಡು.'

ದೊಡ್ಡ ಪ್ರೊಫೆಸರರು ಒಳ್ಳೆಯ ಮನುಷ್ಯರು. ತಮ್ಮ ಸಹಾಯಕನಿಂದ ಬರೆಸಿ ಸಹಿ ಹಾಕಿಕೊಡುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಇವಳು ವಂದಿಸಿ ಬಂದು, ಆ ಜಾಗಕ್ಕೆ ಭೌತಶಾಸ್ತ್ರದವರೊಬ್ಬರನ್ನು ಕೇಳಿದಳು. ಕಿರಿಯ ಅಧ್ಯಾಪಕಿ ಒಪ್ಪಿದರು. ಇತಿಹಾಸ ಕಲಿಸಿದವರು ಒಪ್ಪಿದರು. ನರ್ಸು ಒಪ್ಪಿದ್ದಲ್ಲದೆ ಅತ್ತರಂತೆ. ತಂಗಿ ನನ್ನ ಮೇಲೆ ಒಂದು ವಾರ ಮಾತುಬಿಟ್ಟಳು. 'ಅಕ್ಕಾ, ಎಲ್ಲ ಬಿಟ್ಟು ಒಬ್ಬ ನರ್ಸಿನ ಹತ್ತಿರವಾ?'

'ನಿನ್ನ ಭಾವನನ್ನು ಡಿಸೆಂಬರಿನಲ್ಲಿ ಯಾರು ನೋಡಿಕೊಂಡದ್ದು ಅಂತ ತಿಳಿದಿದ್ದೀ?' ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಅರ್ಜಿ ಹೋಗಿದೆ. ಫಲ ಗೊತ್ತಾಗಲು ಬಹಳ ತಿಂಗಳು ಬೇಕಂತೆ.

ನಾನೀಗ ಒಂದು ಲಾಂಗ್ ಬುಕ್ ಇಟ್ಟುಕೊಂಡಿದ್ದೇನೆ. ನನ್ನ ತರಗತಿಯ ಒಂದೊಂದು ಮಗುವಿಗೆ ಎರಡೆರಡು ಹಾಳೆ. ಯಾರು ಏನು ಮಾಡಿದರೆಂದು ಸಂಜೆ ಬಸ್ಸಿಗೆ ಕಾಯುವಾಗ ಬರೆಯುತ್ತೇನೆ. ಕೆಲವು ಹಾಳೆಗಳಲ್ಲಿ ಇನ್ನೂ ಹೆಸರು ಬಿಟ್ಟು ಏನೂ ಇಲ್ಲ. ಅವು ಹೆಚ್ಚಾಗಿ ಹಿಂದಿನ ಬೆಂಚಿನವರದ್ದು. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಇದೆಂತ ಹೊಸ ಹುಚ್ಚು ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಾರೆ.

ಮತ್ತೊಂದು ಕಾಗದವನ್ನೂ ಬರೆದಿದ್ದೇನೆ. ಏಪ್ರಿಲಿನ ರಜೆಯಲ್ಲಿ ಎರಡು ದಿನ ಕೂತು, ಒಂದೂವರೆ ಪುಟ. ಪ್ರಾರ್ಥನೆಯ ಹೊತ್ತು, ಬೀಗದಕೈ, ನನ್ನ ಚಮಚ, ಎರಡೂವರೆ ನಿಮಿಷ, ವೆನ್‌ಲಾಕಿನ ಸಾಲು ಎಲ್ಲ ಅದರಲ್ಲಿದೆ. ಯಾರಿಗೆ ಎಂದು ಮೇಲೆ ಬರೆಯಲಿಲ್ಲ. ಯಾವ ಟ್ರಸ್ಟಿಗೂ ಅದು ಬೇಡ, ಅವಳಿಗೆ ಕೆಲಸ ಉಂಟು. ಕಪಾಟಿನಲ್ಲಿ ಸೀರೆಯ ಕೆಳಗಿಟ್ಟಿದ್ದೇನೆ. ಮುಂದಿನ ತಿಂಗಳು ನಮ್ಮವರನ್ನು ಚೆಕಪ್ಪಿಗೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕುಂಟು. ಇದನ್ನು ಕೊಟ್ಟರೆ ಆ ಲ್ಯಾಮಿನೇಶನ್ ಮಾಡಿಸಿದ ನಾಲ್ಕು ಸಾಲಿನ ಕಥೆಯನ್ನೂ ಹೇಳಬೇಕಾಗುತ್ತದೆ. ಬ್ಯಾಗಿಗೆ ಹಾಕುವುದೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿಲ್ಲ.